ಓಪನ್‌ಫೋಮ್ ಲೆಕ್ಕಕ್ಕೆ ನಾನು ಆರಿಸಿಕೊಂಡ ಕಂಪ್ಯೂಟರ್

ನನ್ನ ಕೆಲಸ ಓಪನ್‌ಫೋಮ್ ಎಂಬ ಸಾಫ್ಟ್‌ವೇರ್‌ನಲ್ಲಿ ನೀರು, ಗಾಳಿಯ ಹರಿವನ್ನು ಲೆಕ್ಕ ಹಾಕುವುದು. ಹೊಸ ಯಂತ್ರ ಕೊಳ್ಳಲು ಹೊರಟಾಗ ಬಂದ ಕೊಟೇಶನ್‌ಗಳಲ್ಲೆಲ್ಲ ಮೊದಲು ಕಾಣುತ್ತಿದ್ದದ್ದು ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಅಂತ. ನನಗೆ ಬೇಕಿದ್ದದ್ದು ಬೇರೆ ಉತ್ತರ: ನನ್ನ ಪ್ರೋಗ್ರಾಮ್ ಕಾಯುತ್ತಾ ಕೂರುವುದು ಯಾವುದಕ್ಕಾಗಿ?

ಗೆಳೆಯರೊಬ್ಬರ ಹತ್ತಿರ 16 ಕೋರಿನ ರೈಝನ್ (ಎಎಂಡಿ ಕಂಪನಿಯ ಪ್ರೊಸೆಸರ್) ಇದ್ದ ಯಂತ್ರವಿತ್ತು. ಅದರಲ್ಲಿ ನನ್ನದೇ ಒಂದು ದೊಡ್ಡ ಮೆಶ್ (ಹರಿವಿನ ಜಾಗವನ್ನು ಸೆಲ್ ಎಂಬ ಪುಟ್ಟ ತುಂಡುಗಳಾಗಿ ಸೀಳಿದ ಜಾಲ) ಹಾಕಿ, 1, 2, 4, 8, 16 ಕೋರ್‌ಗಳಲ್ಲಿ ಓಡಿಸಿ ನೋಡಿದೆ. 4ರವರೆಗೆ ಸಮಯ ಚೆನ್ನಾಗಿ ಇಳಿಯಿತು. 8ಕ್ಕೆ ಸ್ವಲ್ಪ ಇಳಿಯಿತು. 16ಕ್ಕೆ ಹೆಚ್ಚುಕಡಿಮೆ ಅಷ್ಟೇ! ಇಂಥ ಲೆಕ್ಕದಲ್ಲಿ ಪ್ರತಿ ಸೆಲ್ಲಿನ ಅಂಕಿಗಳನ್ನು ರ‍್ಯಾಮ್‌ನಿಂದ ತರುತ್ತಲೇ ಇರಬೇಕು. ತಂದ ಮೇಲೆ ಮಾಡುವ ಕೂಡು-ಗುಣಿಸು ತೀರಾ ಕಡಿಮೆ. ಆ ಯಂತ್ರಕ್ಕಿದ್ದದ್ದು ಎರಡೇ ಮೆಮೊರಿ ಚಾನೆಲ್, ಅಂದರೆ ಮೆಮೊರಿಯಿಂದ ಪ್ರೊಸೆಸರ್‌ಗೆ ಅಂಕಿಗಳು ಬರುವ ದಾರಿ ಎರಡೇ. ಡಿಡಿಆರ್4-3200 ರ‍್ಯಾಮ್ ಆದರೆ ಚಾನೆಲ್ಲಿಗೆ ಸೆಕೆಂಡಿಗೆ 25.6 ಜಿಬಿ, ಎರಡೂ ಸೇರಿ 51.2. ಬೀದಿಯಲ್ಲಿ 16 ಮನೆ, ನಲ್ಲಿ ಎರಡೇ ಇದ್ದ ಹಾಗೆ.

ಹಾಗಾಗಿ ಸರ್ವರ್‌ಗಳಿಗೆಂದು ಮಾಡಿದ ಎಎಂಡಿ ಎಪಿಕ್ 7003 ಸಾಲಿನ ಪ್ರೊಸೆಸರ್‌ಗಳ ಕಡೆ ತಿರುಗಿದೆ. ಅದಕ್ಕೆ 8 ಚಾನೆಲ್, ಅಂದರೆ ಸೆಕೆಂಡಿಗೆ 204.8 ಜಿಬಿ. ಅದರಲ್ಲೂ 64 ಕೋರಿನದನ್ನು ಬಿಟ್ಟು 24 ಕೋರಿನದನ್ನು ತೆಗೆದುಕೊಂಡೆ. ಚಾನೆಲ್ಲಿಗೆ ಮೂರು ಕೋರ್ ಇದ್ದರೆ ನನ್ನ ಕೆಲಸಕ್ಕೆ ಸಾಕು.

ರ‍್ಯಾಮ್ ವಿಷಯದಲ್ಲಿ ಮಾತ್ರ ಹಟ ಹಿಡಿಯಬೇಕಾಯಿತು. “64 ಜಿಬಿಯ ಎರಡು ಹಾಕಿಸಿ ಸಾರ್, ಮುಂದೆ ಜಾಸ್ತಿ ಮಾಡ್ಕೋಬಹುದು” ಅಂದರು ಅಂಗಡಿಯವರು. ಎರಡೇ ಹಾಕಿದರೆ ಎರಡೇ ಚಾನೆಲ್ ಕೆಲಸ ಮಾಡುತ್ತವೆ. ಮತ್ತೆ ಅದೇ ಹಳೆಯ ಕಥೆ, ಅಲ್ವಾ? 16 ಜಿಬಿಯ 8 ಹಾಕಿಸಿದೆ. ಮೊತ್ತ ಅದೇ 128. ಎಲ್ಲವೂ ಇಸಿಸಿ (ಬಿಟ್ ತಪ್ಪಿದರೆ ಪತ್ತೆ ಹಚ್ಚಿ ಸರಿಪಡಿಸುವ ವ್ಯವಸ್ಥೆ) ಇರುವಂಥವು. ಲೆಕ್ಕ ದಿನಗಟ್ಟಲೆ ಓಡುವಾಗ ಒಂದು ಬಿಟ್ ಸದ್ದಿಲ್ಲದೆ ತಿರುಗಿದರೂ ಫಲಿತಾಂಶ ಕೆಡಬಹುದು.

ಗ್ರಾಫಿಕ್ಸ್ ಕಾರ್ಡ್ ಚಿತ್ರ ನೋಡುವಷ್ಟಕ್ಕೆ ಮಾತ್ರ. ನನ್ನ ಲೆಕ್ಕ ಡಬಲ್ ಪ್ರಿಸಿಶನ್‌ನಲ್ಲಿ, ಅಂದರೆ ಪ್ರತಿ ಸಂಖ್ಯೆಗೆ 64 ಬಿಟ್ ಬಳಸಿ ನಡೆಯುತ್ತದೆ; ಸಿಂಗಲ್‌ನಲ್ಲಿ 32 ಬಿಟ್. ಆರ್‌ಟಿಎಕ್ಸ್ 4090ರಂಥ ಕಾರ್ಡಿನಲ್ಲಿ ಅದರ ವೇಗ ಸಿಂಗಲ್‌ನ 64ರಲ್ಲಿ ಒಂದು ಪಾಲು. ಅಣುಗಳ ಚಲನೆ ಲೆಕ್ಕ ಹಾಕುವ ಗ್ರೋಮ್ಯಾಕ್ಸ್ ಎಂಬ ಸಾಫ್ಟ್‌ವೇರ್ ಬಳಸುವವರ ಲೆಕ್ಕವೇ ಬೇರೆ. ಅದು ಸಾಮಾನ್ಯವಾಗಿ ಮಿಶ್ರ ಪ್ರಿಸಿಶನ್‌ನಲ್ಲಿ, ಅಂದರೆ ಹೆಚ್ಚಿನ ಪಾಲು ಸಿಂಗಲ್‌ನಲ್ಲೇ ಓಡುತ್ತದೆ. ಅವರು ಮೊದಲು ಇಂಥ ಕಾರ್ಡಿಗೇ ದುಡ್ಡು ಹಾಕಲಿ.

ಯಂತ್ರ ಬಂದ ಕೂಡಲೇ ಸ್ಟ್ರೀಮ್ ಓಡಿಸಿದೆ. ಜಾನ್ ಮೆಕ್ಯಾಲ್ಪಿನ್ ಬರೆದ ಪುಟ್ಟ ಪ್ರೋಗ್ರಾಮ್, ರ‍್ಯಾಮ್‌ನ ನಿಜವಾದ ವೇಗ ಅಳೆಯುತ್ತದೆ. 204.8 ಪೂರ್ತಿ ಯಾರಿಗೂ ಸಿಗುವುದಿಲ್ಲ. ಆದರೆ ಒಂದು ರ‍್ಯಾಮ್ ಸರಿಯಾಗಿ ಕೂತಿಲ್ಲದಿದ್ದರೆ ಅಂಕಿ ಬಿದ್ದದ್ದು ಕಂಡೇ ಕಾಣುತ್ತದೆ. ಅದನ್ನು ನೋಡಿಕೊಂಡೇ ಬಾಕಿ ಹಣ ಕೊಟ್ಟೆ.