ಕಟಿಂಗ್ ಕುದುರೆ: ನಾನು ಮೊದಲು ತಾಯಿಯನ್ನು ನೋಡುತ್ತೇನೆ

ಊರಿಂದ ಟೆಕ್ಸಸ್‌ಗೆ ಬಂದ ನೆಂಟರೆಲ್ಲ ನಮ್ಮ ಕುದುರೆಗಳನ್ನು ನೋಡಿ ‘ರೇಸಿಗೆ ಬಿಡ್ತೀರಾ?’ ಎಂದೇ ಕೇಳುತ್ತಾರೆ. ಅಲ್ಲ, ಇವು ಕಟಿಂಗ್ ಕುದುರೆಗಳು. ಹಿಂಡಿನಿಂದ ಒಂದು ದನವನ್ನು ಬೇರೆ ಮಾಡಿ, ಅದು ವಾಪಸ್ ಹಿಂಡು ಸೇರದಂತೆ ಅಡ್ಡ ಹಾಕುವುದು ಇವುಗಳ ಕೆಲಸ. ಕಬಡ್ಡಿಯಲ್ಲಿ ರೇಡರ್‌ನ ದಾರಿ ಕಟ್ಟಿದ ಹಾಗೆ. ಸ್ಪರ್ಧೆಯಲ್ಲಿ ಸಿಗುವುದು ಎರಡೂವರೆ ನಿಮಿಷ. ದನ ಬೇರೆಯಾದ ಮೇಲೆ ಸವಾರ ಲಗಾಮಿನ ಕೈ ಇಳಿಸಲೇಬೇಕು. ಆಮೇಲೆ ಎಲ್ಲ ಕುದುರೆಯದೇ ತೀರ್ಮಾನ.

ನಮ್ಮ ವೆದರ್‌ಫರ್ಡ್ ಕಡೆ ಮರಿ ಕೊಳ್ಳಲು ಬಂದವರು ಮೊದಲು ಕೇಳುವುದು ತಂದೆ ಯಾರು ಅಂತ. ನಾನು ದುಡ್ಡು ಹಾಕಿದ್ದು ತಾಯಿ ಕುದುರೆಯ ಮೇಲೆ. ಡಾಕ್ ಬಾರ್ ಎಂಬ ಗಂಡು ಕುದುರೆ ಈ ತಳಿಯ ದೊಡ್ಡ ಹೆಸರು. ಆದರೆ ಅದು ಕಟಿಂಗ್ ಕುದುರೆಯೇ ಅಲ್ಲ. ರೇಸಿನಲ್ಲಿ ಸೋತು, ಮೈಕಟ್ಟಿನ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದು. ಕಣದಲ್ಲಿ ವರ್ಷಗಟ್ಟಲೆ ಗೆದ್ದವಳು ಪೊಕೊ ಲೀನಾ ಎಂಬ ಹೆಣ್ಣು ಕುದುರೆ. ಅವಳಿಗೆ ಡಾಕ್ ಬಾರ್‌ನಿಂದ ಎರಡೇ ಮರಿ. ಡಾಕ್ ಓಲೀನಾ 1970ರಲ್ಲಿ, ಡ್ರೈ ಡಾಕ್ 1971ರಲ್ಲಿ ಫ್ಯೂಚುರಿಟಿ ಎಂಬ, ಮೂರು ವರ್ಷದ ಕುದುರೆಗಳ ದೊಡ್ಡ ಕಟಿಂಗ್ ಸ್ಪರ್ಧೆ ಗೆದ್ದವು. 1982ರಲ್ಲಿ ಗೆದ್ದ ಸ್ಮಾರ್ಟ್ ಲಿಟಲ್ ಲೀನಾ ಅವಳ ಮೊಮ್ಮಗ. ಇಷ್ಟು ಸಾಲದಾ?

ಅದೇ ರಕ್ತದಲ್ಲಿ ಒಂದು ತೊಂದರೆಯೂ ಇದೆ. ಪೊಕೊ ಲೀನಾಳ ತಂದೆ ಪೊಕೊ ಬ್ಯೂನೊ ವಂಶದಲ್ಲಿ ಹರ್ಡಾ ಎಂಬ ಚರ್ಮದ ಕಾಯಿಲೆ ಹರಿದುಬಂದಿದೆ. ಸವಾರಿಯ ತಡಿ ಒತ್ತುವ ಬೆನ್ನಿನ ಮೇಲೇ ಚರ್ಮ ಕಿತ್ತು ಬರುತ್ತದೆ. ವಾಸಿ ಮಾಡುವ ಮದ್ದಿಲ್ಲ. ತಂದೆ ತಾಯಿ ಇಬ್ಬರೂ ವಾಹಕರಾದರೆ, ಅಂದರೆ ತಮಗೆ ಕಾಯಿಲೆ ಇಲ್ಲದೆಯೂ ಅದನ್ನು ಮರಿಗೆ ದಾಟಿಸಬಲ್ಲವರಾದರೆ, ನಾಲ್ಕರಲ್ಲಿ ಒಂದು ಮರಿಗೆ ಬರಬಹುದು. ನನ್ನ ಕುದುರೆ ವಾಹಕಿ. ಹಾಗಾಗಿ ಎಷ್ಟೇ ದೊಡ್ಡ ಗಂಡು ಕುದುರೆ ಇರಲಿ, ಡಿಎನ್‌ಎ ವರದಿ ನೋಡದೆ ನಾನು ಕೂಡಿಸುವುದಿಲ್ಲ.

ಇಲ್ಲಿ ಎಲ್ಲ ಮರಿಗಳಿಗೂ ಜನವರಿ 1ಕ್ಕೇ ವಯಸ್ಸು ಏರುತ್ತದೆ. ಮೇ ತಿಂಗಳಲ್ಲಿ ಹುಟ್ಟಿದ ಮರಿ ಸುಮ್ನೆ ನಾಲ್ಕು ತಿಂಗಳು ಹಿಂದೆ ಬೀಳುತ್ತದೆ. ಗರ್ಭ ಹನ್ನೊಂದು ತಿಂಗಳು. ಅದಕ್ಕೇ ಡಿಸೆಂಬರ್ ಶುರುವಿನಿಂದ ಲಾಯದಲ್ಲಿ ದೀಪ ಹಾಕಿ, ದಿನಕ್ಕೆ 16 ಗಂಟೆ ಬೆಳಕು ಇರುವಂತೆ ನೋಡಿಕೊಳ್ಳುತ್ತೇನೆ. ವಸಂತ ಬಂತು ಅಂದುಕೊಂಡು ತಾಯಿ ಕುದುರೆ ಬೇಗ ಬೆದೆಗೆ ಬರುತ್ತಾಳೆ. ಭ್ರೂಣವನ್ನು ಏಳೆಂಟನೇ ದಿನಕ್ಕೆ ತೆಗೆದು ಬಾಡಿಗೆ ತಾಯಿಯಾದ ಇನ್ನೊಂದು ಕುದುರೆಗೆ ಹಾಕಿಸುತ್ತೇವೆ.

ಎರಡು ವರ್ಷಕ್ಕೆ ಸವಾರಿ ಶುರು. ನಿಲ್ಲುವುದು, ಹಿಂದೆ ಸರಿಯುವುದು, ಹಿಂಗಾಲಿನ ಮೇಲೆ ಭಾರ ಹಾಕಿ ತಿರುಗುವುದು, ಇಷ್ಟೇ. ಆಮೇಲೆ ಫ್ಲ್ಯಾಗ್: ಹಗ್ಗಕ್ಕೆ ಕಟ್ಟಿದ ಬಟ್ಟೆ ಮೋಟಾರಿನಿಂದ ಅತ್ತಿತ್ತ ಓಡುತ್ತದೆ, ಕುದುರೆ ಅದರ ಜೊತೆ ಓಡಿ ನಿಲ್ಲಬೇಕು. ನಿಲ್ಲುವುದನ್ನು ತಿದ್ದಲು ಇದು ಒಳ್ಳೆಯದು. ಆದರೆ ಜಾಸ್ತಿ ಮಾಡಿದರೆ ಕುದುರೆಗೆ ಬೇಜಾರಾಗುತ್ತದೆ. ದನದ ನಡೆಯನ್ನು ಮೊದಲೇ ಗ್ರಹಿಸುವುದು ಬಟ್ಟೆಯಿಂದ ಬರುವುದಿಲ್ಲ. ಅದಕ್ಕೆ ಹೊಸ ದನವೇ ಬೇಕು, ಹಳೆಯವು ಆಟ ಕಲಿತು ಸುಮ್ನೆ ನಿಂತುಬಿಡುತ್ತವೆ. ನಮ್ಮ ದೊಡ್ಡ ಖರ್ಚು ಅದೇ.

ದನ ತಿರುಗಿದಾಗ ಕುದುರೆ ತಡ ಮಾಡಿದರೆ ನಾನು ತಕ್ಷಣ ಲಗಾಮು ಎಳೆಯುವುದಿಲ್ಲ. ದನ ತಪ್ಪಿಸಿಕೊಂಡು ಹೋಗಲಿ ಅಂತ ಬಿಡುತ್ತೇನೆ. ಮುಂದಿನ ಸಲ ಕುದುರೆ ತಾನೇ ಬೇಗ ಹೊರಡುತ್ತದೆ. ಕಣದಲ್ಲಂತೂ ಕೈಯಿಂದ ಸೂಚನೆ ಕೊಟ್ಟದ್ದು ಕಂಡರೆ 1 ಅಂಕ ಹೋಗುತ್ತದೆ, ದನ ಹಿಂಡಿಗೆ ಸೇರಿದರೆ 5.

ಫೋರ್ಟ್‌ವರ್ತ್‌ನ ಫ್ಯೂಚುರಿಟಿ ಮೂರು ವರ್ಷದ, ಅದುವರೆಗೂ ಸ್ಪರ್ಧೆಗೆ ಇಳಿಯದ ಕುದುರೆಗಳಿಗೆ. ಅಲ್ಲಿಗೆ ನಾನೇ ಸವಾರಿ ಮಾಡುವುದಿಲ್ಲ, ವೃತ್ತಿಪರರಿಗೆ ಒಪ್ಪಿಸುತ್ತೇನೆ. ಆ ಮಟ್ಟಕ್ಕೆ ಏರದ ಮರಿಗಳನ್ನು ದನ ಕಾಯುವ ರಾಂಚ್‌ಗಳು ಖುಷಿಯಾಗಿ ಕೊಳ್ಳುತ್ತವೆ. ಹೆಣ್ಣಾದರೆ ಮಾತ್ರ ಮಾರುವ ಮುಂಚೆ ನಾನು ಎರಡು ಸಲ ಯೋಚಿಸುತ್ತೇನೆ.