ಚರ್ಮದ ಬೆಲ್ಟಿಗೆ ಹಚ್ಚಿದ ಬಣ್ಣ ಪ್ಯಾಂಟಿಗೆ ಹತ್ತುತ್ತಿದ್ದರೆ

ಕಂದು ಬೆಲ್ಟಿಗೆ ಮನೆಯಲ್ಲೇ ಕಪ್ಪು ಡೈ ಹಚ್ಚಿದ್ದೆ. ಒಣಗಿದ ಮೇಲೂ ಬಣ್ಣ ಬೆರಳಿಗೆ, ಪ್ಯಾಂಟಿಗೆ ಹತ್ತುತ್ತಿತ್ತು. ಬಕಲ್ ಹತ್ತಿರ ಮಡಿಕೆ ಬೀಳುವ ಕಡೆ ಹಳೆಯ ಕಂದು ಇಣುಕುತ್ತಿತ್ತು.

ಇನ್ನೊಂದು ಕೋಟ್ ಡೈ ಕೊಟ್ಟರೆ ಕಾಟ ಜಾಸ್ತಿಯೇ ಆಯಿತು. ಬೂಟ್ ಪಾಲಿಶ್ ಹೊಳಪು ಕೊಟ್ಟಿತು, ಅಷ್ಟೇ. ಹೇರ್ ಡ್ರೈಯರ್ ಬಿಸಿಗೆ ಚರ್ಮ ಬಿರುಸಾಯಿತು. ಬಣ್ಣ ನಿಲ್ಲಲು ಉಪ್ಪು-ವಿನೆಗರ್ ಹಚ್ಚಿ ಎನ್ನುವ ಸಲಹೆಯಂತೂ ಸುಮ್ನೆ.

ಅಂಗಡಿ ಬೆಲ್ಟುಗಳ ಮೇಲೆ ಸಾಮಾನ್ಯವಾಗಿ ಪ್ಲಾಸ್ಟಿಕ್‌ನಂಥ ತೆಳು ಲೇಪ ಇರುತ್ತದೆ. ಡೈ ಅದರ ಮೇಲೇ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ಮೊದಲು ಅದು ಹೋಗಬೇಕು.

ಹಳೆ ಬನಿಯನ್ ಬಟ್ಟೆಗೆ ಅಸಿಟೋನ್ ಹಾಕಿ, ಬಟ್ಟೆ ಬದಲಿಸುತ್ತಾ ಉಜ್ಜಿ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಬೇಡ. ರೆಕ್ಸಿನ್ ಆದರೆ ಕೈ ಹಾಕಲೇಬೇಡಿ, ಮೇಲ್ಪದರ ಕರಗಿ ಅಂಟಂಟಾಗುತ್ತದೆ. ಹೊಳಪು ಹೋಗಿ ಮಂಕಾದ ಮೇಲೆ ಒಂದು ಹನಿ ನೀರು ಬಿಡಿ. ಮಣಿಯಂತೆ ನಿಂತರೆ ಲೇಪ ಇನ್ನೂ ಇದೆ. ಹೀರಿಕೊಂಡು ಕಲೆ ಗಾಢವಾದರೆ ಸಾಕು. ಆ ತೇವ ಪೂರ್ತಿ ಒಣಗಲಿ.

ಸ್ಪಿರಿಟ್ ಡೈಗೆ (ಆಲ್ಕೋಹಾಲ್‌ನಲ್ಲಿ ಕರಗಿಸಿದ ಚರ್ಮದ ಬಣ್ಣ) ಅದರದೇ ತಿನ್ನರ್ ಸಮ ಅಳತೆಯಲ್ಲಿ ಬೆರೆಸಿ, ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ ಹಚ್ಚಿದೆ. ರಾತ್ರಿಯಿಡೀ ನೆರಳಲ್ಲಿ ಒಣಗಿಸಿದೆ. ಆಮೇಲಿನದೇ ಹೆಚ್ಚಿನವರು ಬಿಡುವ ಕೆಲಸ: ಒಣ ಬಿಳಿ ಬಟ್ಟೆಯಿಂದ ತಿಕ್ಕುವುದು. ಮೊದಮೊದಲು ಕಾಡಿಗೆಯಂಥ ಪುಡಿ ಬರುತ್ತದೆ. ಬಟ್ಟೆ ಬಿಳಿಯಾಗೇ ಉಳಿಯುವ ತನಕ ತಿಕ್ಕಬೇಕು.

ಕೊನೆಗೆ ಬಣ್ಣವನ್ನು ಹಿಡಿದಿಡುವ ಪಾರದರ್ಶಕ ಮೇಲ್ಲೇಪ, ಅಂದರೆ ಅಕ್ರಿಲಿಕ್ ಫಿನಿಶ್, ಸ್ಪಂಜಿನಲ್ಲಿ ತೆಳುವಾಗಿ ಎರಡು ಕೋಟ್, ನಡುವೆ ಒಂದು ಗಂಟೆ ಬಿಟ್ಟು. ಮೊದಲ ಕೋಟ್ ಒಂದೇ ದಿಕ್ಕಿಗೆ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಡೈ ಎದ್ದು ಬರುತ್ತದೆ. ಬೆಲ್ಟಿನ ಅಂಚು, ತೂತುಗಳಿಗೂ ಇದೇ ಕ್ರಮ.