ಕಾರವಾರದಲ್ಲಿ ಗುಂಪು ಕಟ್ಟಿ ಸ್ಕೆಚ್ಚಿಗೆ ಕೂತ ಅನುಭವ

ಬೆಂಗಳೂರಿನಲ್ಲಿ ರಸ್ತೆ ಬದಿ ಕೂತು ಚಿತ್ರ ಬರೆಯುವುದು ಅಷ್ಟೇನೂ ಕಷ್ಟವಲ್ಲ. ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿ ಎದುರು ಒಂದು ತಾಸು ಕೂತರೂ ಒಬ್ಬಿಬ್ಬರು ಇಣುಕಿ ಹೋಗುತ್ತಾರೆ, ಅಷ್ಟೇ. ಕಾರವಾರದಲ್ಲಿ ಹಾಗಲ್ಲ. ಪೆನ್ನು ತೆಗೆಯುವಷ್ಟರಲ್ಲಿ ಯಾರೋ ಬಂದು 'ನೀವು ಕೋಡಿಬಾಗದವರಲ್ವಾ?' ಎಂದು ಕೇಳುತ್ತಾರೆ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ.

ಅದಕ್ಕೇ ಇಲ್ಲಿ ಗುಂಪು ಬೇಕು ಅನ್ನುವುದು ನನ್ನ ಅಭಿಪ್ರಾಯ. ಚಿತ್ರ ಬರೆಯುವುದನ್ನು ಮನೆಯಲ್ಲೇ ಕಲಿಯಬಹುದು. ಪೇಟೆ ನಡುವೆ ಕೂರುವ ಧೈರ್ಯ ಮಾತ್ರ ಗುಂಪಿನಿಂದಲೇ ಬರಬೇಕು. ಒಬ್ಬಳೇ ಕೂತರೆ 'ಇವಳಿಗೆ ಎಂತ ಆಯ್ತು ಮಾರಾಯ' ಅನ್ನುತ್ತಾರೆ. ಏಳೆಂಟು ಜನ ಸಾಲಾಗಿ ಕೂತರೆ 'ಏನೋ ಕಾರ್ಯಕ್ರಮ ಇದೆ' ಅಂದುಕೊಂಡು ದಾರಿ ಬಿಟ್ಟು ನಡೆಯುತ್ತಾರೆ.

ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಭಾನುವಾರ ಬೆಳಿಗ್ಗೆ ಇಂಥ ಗುಂಪುಗಳ ಜೊತೆ ಹೋಗುತ್ತಿದ್ದೆ. ಒಂದು ವಾರ ಕಬ್ಬನ್ ಪಾರ್ಕ್, ಇನ್ನೊಂದು ವಾರ ಕೆ.ಆರ್. ಮಾರ್ಕೆಟ್, ಮತ್ತೊಮ್ಮೆ ಬಸವನಗುಡಿಯ ಹಳೇ ಮನೆಗಳು. ಈಗ 'ಅರ್ಬನ್ ಸ್ಕೆಚರ್ಸ್' ಹೆಸರಿನಲ್ಲಿ ಜಗತ್ತಿನ ಎಷ್ಟೋ ಊರುಗಳಲ್ಲಿ ಜನ ಹೀಗೆ ಸೇರುತ್ತಾರೆ. ಅದನ್ನು ಶುರು ಮಾಡಿದ್ದು ಅಮೆರಿಕದ ಸಿಯಾಟಲ್‌ನಲ್ಲಿದ್ದ ಗೇಬ್ರಿಯಲ್ ಕಂಪನಾರಿಯೊ ಎಂಬ ಪತ್ರಕರ್ತ, 2007ರಲ್ಲಿ. ಕಟ್ಟಳೆಗಳು ಸರಳ. ಜಾಗದಲ್ಲೇ ಕೂತು, ಕಣ್ಣಾರೆ ಕಂಡದ್ದನ್ನು ಬರೆಯಬೇಕು. ಫೋಟೊ ತೆಗೆದುಕೊಂಡು ಹೋಗಿ ಮನೆಯಲ್ಲಿ ಬರೆದರೆ ಲೆಕ್ಕಕ್ಕಿಲ್ಲ. ಪೆನ್ಸಿಲ್, ಪೆನ್ನು, ಬಣ್ಣ, ಯಾವುದಾದರೂ ನಡೆಯುತ್ತದೆ. ಒಬ್ಬರಿಗೊಬ್ಬರು ಬೆನ್ನು ತಟ್ಟಬೇಕು.

ಊರಿಗೆ ವಾಪಸು ಬಂದ ಮೇಲೆ ಇದನ್ನೇ ಇಲ್ಲಿ ಮಾಡೋಣ ಅನ್ನಿಸಿತು. ಮೊದಲು ಸಿಕ್ಕವರು ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರ್ರು, ಬ್ಯಾಂಕಿನಲ್ಲಿರುವ ಒಬ್ಬ ಗೆಳತಿ, ಮತ್ತೆ ಅವಳ ಮಗಳ ಕಾಲೇಜಿನ ಹುಡುಗಿಯರು. ಆಮೇಲೆ ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಬಂದರು. 'ಈ ವಯಸ್ಸಿನಲ್ಲಿ ಎಂತ ಚಿತ್ರ' ಎಂದು ಹಿಂದೆ ಸರಿಯುವವರಿಗೆ ನನ್ನ ಹತ್ತಿರ ಒಂದು ಉತ್ತರ ಇದೆ. ನಮ್ಮ ಕಡಲತೀರಕ್ಕೆ ಹೆಸರು ಬಂದದ್ದು ರವೀಂದ್ರನಾಥ ಟ್ಯಾಗೋರರಿಂದ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಆಸುಪಾಸಿನಲ್ಲಿದ್ದ ಟ್ಯಾಗೋರರು ಬಂದು ಉಳಿದಿದ್ದರು. ಅವರು ಗಂಭೀರವಾಗಿ ಚಿತ್ರ ಬರೆಯಲು ಶುರು ಮಾಡಿದ್ದು ಅರವತ್ತು ದಾಟಿದ ಮೇಲೆ. ಇಷ್ಟು ಹೇಳಿದರೆ ಸಾಕು, ಮುಂದಿನ ವಾರ ಚೀಲ ಹಿಡಿದು ಬರುತ್ತಾರೆ.

ಬೆಂಗಳೂರಿನ ಪದ್ಧತಿಯನ್ನು ಹಾಗೇ ಎತ್ತಿ ತಂದರೆ ಇಲ್ಲಿ ನಡೆಯುವುದಿಲ್ಲ. ಮೊದಲು ಬದಲಾಯಿಸಿದ್ದು ಹೊತ್ತು. ಕಡಲು ನಮಗೆ ಪಶ್ಚಿಮಕ್ಕೆ. ಸಂಜೆ ಹೋದರೆ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ, ದೋಣಿಗಳೆಲ್ಲ ಕಪ್ಪು ಕಪ್ಪಾಗಿ ಕಾಣುತ್ತವೆ. ಫೋಟೊ ತೆಗೆಯುವವರಿಗೆ ಅದು ಚಂದ, ಬರೆಯುವವರಿಗೆ ತಲೆನೋವು. ಬೆಳಿಗ್ಗೆ ಬಿಸಿಲು ಗುಡ್ಡದ ಕಡೆಯಿಂದ, ನಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಆಗ ದೋಣಿಯ ಹಲಗೆಯ ನೀಲಿ, ಬಲೆಯ ಹಸಿರು, ಮರಳಿನ ಮೇಲಿನ ನೆರಳು, ಎಲ್ಲಾ ಬಿಡಿಸಿ ಕಾಣುತ್ತದೆ. ಹಾಗಾಗಿ ಕಡಲ ಕಡೆ ಬೆಳಿಗ್ಗೆ, ಪೇಟೆಯ ಹಳೇ ಮನೆಗಳ ಪಶ್ಚಿಮದ ಗೋಡೆಗಳಿಗೆ ಸಂಜೆ. ಒಂಬತ್ತೂವರೆ ಆದ ಮೇಲೆ ಮರಳಿನ ಮೇಲೆ ಕೂರಲು ಆಗುವುದಿಲ್ಲ, ಕಾಗದದ ಬಿಳುಪು ನೋಡಿದರೇ ಕಣ್ಣು ಉರಿಯುತ್ತದೆ.

ಬೈತಕೋಲ್ ಬಂದರಿನ ಕಡೆ ಹೋಗುವಾಗ ನೀರಿನ ಏರಿಳಿತವನ್ನೂ ನೋಡಿಕೊಳ್ಳುತ್ತೇವೆ. ಭರತಕ್ಕೂ ಇಳಿತಕ್ಕೂ ನಡುವೆ ಆರು ತಾಸಿನಷ್ಟು ಅಂತರ. ಈ ವಾರ ನೋಡಿದ ಹೊತ್ತಿಗೇ ಮುಂದಿನ ವಾರ ಹೋದರೆ ನೀರು ಬೇರೆ ಕಡೆ ಇರುತ್ತದೆ, ದಿನಾ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅರ್ಧ ಬರೆಯುವಷ್ಟರಲ್ಲಿ ದೋಣಿಯ ಮೂತಿ ಬೇರೆ ಕಡೆ ತಿರುಗಿದ್ದರೆ ಏನು ಮಾಡುತ್ತೀರಿ? ಮೊದಲ ಐದು ನಿಮಿಷದಲ್ಲಿ ದೋಣಿಯ ಹೊರಗೆರೆ ಹಿಡಿದುಬಿಡಬೇಕು. ಅದಕ್ಕೆ ಹಳೇ ಉಪಾಯವೊಂದಿದೆ: 8 ಅಂಕಿಯನ್ನು ಅಡ್ಡ ಮಲಗಿಸಿ, ಸ್ವಲ್ಪ ಎಳೆದು ಬರೆಯಿರಿ. ಹತ್ತಿರದ ಸೊನ್ನೆ ದೊಡ್ಡದು, ದೂರದ್ದು ಚಿಕ್ಕದು. ಆಮೇಲೆ ಆ ಗೆರೆಗಳ ಮೇಲೇ ದೋಣಿಯ ಅಂಚು ಎಳೆದುಕೊಂಡು, ಬೇಡದ ಗೆರೆ ಬಿಟ್ಟುಬಿಡುವುದು. ಮಾಸ್ತರ್ರು ಇದನ್ನು ಮಕ್ಕಳಿಗೆ ಮರಳಿನಲ್ಲೇ ಬೆರಳಿಂದ ಬರೆದು ತೋರಿಸುತ್ತಾರೆ. ಇಳಿತದಲ್ಲಿ ಒಂದು ಬದಿಗೆ ವಾಲಿದ ದೋಣಿಗಾದರೆ ಆ ಎಂಟನ್ನೇ ವಾಲಿಸಿದರಾಯಿತು.

ಬಂದರಿನಲ್ಲಿ ಕೂರುವ ಮೊದಲು ಅಲ್ಲಿದ್ದವರನ್ನು ಕೇಳುತ್ತೇವೆ. ಅರಗಾ ಕಡೆ ನೌಕಾನೆಲೆ ಇರುವುದರಿಂದ ಆ ದಿಕ್ಕಿಗೆ ಪುಸ್ತಕ ತೆರೆಯುವುದೇ ಇಲ್ಲ. ಯುದ್ಧನೌಕೆ ಬರೆಯುವ ಆಸೆ ಇದ್ದರೆ ಟ್ಯಾಗೋರ್ ತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಹಳೇ ನೌಕೆ ಐಎನ್‌ಎಸ್ ಚಪಲ್ ಇದೆಯಲ್ಲ. ಅದು ಅಲುಗುವುದೂ ಇಲ್ಲ, ಯಾರೂ ತಕರಾರು ಮಾಡುವುದೂ ಇಲ್ಲ.

ಕಡಲು ಬರೆಯುವವರು ಎಲ್ಲರೂ ಎಡವುವುದು ದಿಗಂತದ ಗೆರೆಯಲ್ಲಿ. ಆ ಗೆರೆ ಯಾವಾಗಲೂ ನೋಡುವವರ ಕಣ್ಣಿನ ಎತ್ತರಕ್ಕೇ ಇರುತ್ತದೆ. ನೀವು ನಿಂತು ನೋಡಿದರೆ, ತೀರದಲ್ಲಿ ನಿಂತಿರುವ ನಿಮ್ಮಷ್ಟೇ ಎತ್ತರದ ಜನರ ಕಣ್ಣು ಹತ್ತಿರವಿದ್ದರೂ ದೂರವಿದ್ದರೂ ಅದೇ ಗೆರೆಯ ಮೇಲೆ ಕೂರುತ್ತದೆ. ದೂರ ಹೋದಂತೆ ಕಾಲು ಮಾತ್ರ ಮೇಲೆ ಬರುತ್ತದೆ. ನೀವು ಮರಳಿನ ಮೇಲೆ ಕೂತುಬಿಟ್ಟರೆ ಗೆರೆ ಅವರ ಸೊಂಟದ ಹತ್ತಿರಕ್ಕೆ ಇಳಿಯುತ್ತದೆ, ಎಲ್ಲರ ತಲೆಯೂ ಆಕಾಶದಲ್ಲಿರುತ್ತದೆ. ಹೇಳಿದರೆ ಯಾರೂ ನಂಬುವುದಿಲ್ಲ. ಎದ್ದು ನಿಂತು, ಕೂತು, ಮತ್ತೆ ಎದ್ದು ನಿಂತು ನೋಡಿದಾಗ ನಗು ಬರುತ್ತದೆ. ಹೊಸಬರು ಬಂದ ದಿನ ಕಾರವಾರದ ಕಡಲತೀರದಲ್ಲಿ ನಾಲ್ಕೈದು ಜನ ಬಸ್ಕಿ ಹೊಡೆಯುತ್ತಿರುವುದು ಕಂಡರೆ ಅದು ನಾವೇ.

ಇನ್ನು ಭಾನುವಾರದ ಸಂತೆ. ಗುಂಪಿಲ್ಲದೆ ನಾನು ಅಲ್ಲಿ ಎಂದೂ ಕೂರುತ್ತಿರಲಿಲ್ಲ. ಘಟ್ಟದ ಮೇಲಿನ ತರಕಾರಿ, ಅಂಕೋಲೆ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ತಂದ ಸೊಪ್ಪು, ಗೋವಾ ಕಡೆಯಿಂದ ಬಂದ ಗಿರಾಕಿಗಳು, ಇದರ ನಡುವೆ ಆಟೋ. ಇಡೀ ಸಂತೆ ಬರೆಯಲು ಹೋದರೆ ಮುಗಿಯಿತು ಕತೆ. ನಾವು ಹಂಚಿಕೊಳ್ಳುತ್ತೇವೆ. ಒಬ್ಬರು ಬರೀ ತಕ್ಕಡಿಗಳನ್ನು ಬರೆಯುವುದು, ಒಬ್ಬರು ತಾಡಪಾಲು ಕಟ್ಟಿದ ಹಗ್ಗಗಳನ್ನು, ಒಬ್ಬರು ನಿಂತವರ ಬೆನ್ನುಗಳನ್ನು. ಬೆನ್ನು ಬರೆಯುವುದು ಒಳ್ಳೇ ಅಭ್ಯಾಸ. ಮುಖ ಹೋಲಿತೋ ಇಲ್ಲವೋ ಅನ್ನುವ ಚಿಂತೆ ಇಲ್ಲ, ಭುಜ ಎತ್ತ ವಾಲಿದೆ, ಚೀಲದ ಭಾರ ಯಾವ ಕೈಗೆ ಬಿದ್ದಿದೆ ಅಂತ ಕಣ್ಣು ಕಲಿಯುತ್ತದೆ.

ಮುಖ ಬರೆಯುವುದಾದರೆ ಕೇಳಿಯೇ ಬರೆಯುತ್ತೇವೆ. ಹಾಲಕ್ಕಿ ಅಜ್ಜಿಯರ ಕೊರಳಿನ ಮಣಿಸರಗಳನ್ನು ನೋಡಿದ ಕೂಡಲೇ ಹೊರಗಿಂದ ಬಂದವರು ಮೊಬೈಲ್ ಎತ್ತುತ್ತಾರೆ. ಅಜ್ಜಿಯರಿಗೆ ಅದು ಸಾಕಾಗಿ ಹೋಗಿದೆ. ನಾವು ಮೊದಲು ಸೊಪ್ಪು ಕೊಳ್ಳುತ್ತೇವೆ, ಆಮೇಲೆ ಕೇಳುತ್ತೇವೆ, ಬೇಡ ಅಂದರೆ ಬಿಡುತ್ತೇವೆ. ಮೀನು ಮಾರುವವರ ಕತೆಯೇ ಬೇರೆ. ಅವರು ಪುಸ್ತಕ ಕಸಿದುಕೊಂಡೇ ನೋಡುತ್ತಾರೆ. 'ಎಂತ ತಂಗಿ, ನನ್ನ ಬುಟ್ಟೀಲಿ ಬಾಂಗಡೆ ಬರೀ ಇಷ್ಟೇನಾ?' ಎಂದು ಒಬ್ಬರು ಜೋರು ಮಾಡಿದರು. ಅಲ್ಲೇ ಇನ್ನೊಂದಿಷ್ಟು ಬಾಂಗಡೆ ಸೇರಿಸಿದೆ. ಕಂಡದ್ದನ್ನು ಮಾತ್ರ ಬರೆಯಬೇಕು ಅನ್ನುವ ಕಟ್ಟಳೆಗೆ ಅಷ್ಟರ ಮಟ್ಟಿಗೆ ರಜೆ.

ಪ್ರತಿ ಚಿತ್ರದ ಮೂಲೆಯಲ್ಲಿ ಜಾಗ, ತಾರೀಕು ಬರೆಯಲೇಬೇಕು ಅಂತ ನಾನು ಹಠ ಮಾಡುತ್ತೇನೆ. ಮೊದಮೊದಲು ಎಲ್ಲರಿಗೂ ಇದು ಶಾಲೆಯ ಹೋಂವರ್ಕಿನ ಹಾಗೆ ಅನ್ನಿಸುತ್ತಿತ್ತು. ಆಮೇಲೆ 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಬಿತ್ತು. ಲಾರಿಯೊಂದು ನೀರಿಗೆ ಬಿದ್ದು, ಚಾಲಕನನ್ನು ಬದುಕಿಸಿ ದಡಕ್ಕೆ ತಂದರು. ಕೋಡಿಬಾಗದ ಕಡೆಯಿಂದ ಸದಾಶಿವಗಡದ ಗುಡ್ಡ ಬರೆದವರೆಲ್ಲರ ಪುಸ್ತಕದಲ್ಲೂ ಆ ಸೇತುವೆ ಇತ್ತು. ಗುಡ್ಡಕ್ಕೆ ಅಡ್ಡ ಬರುತ್ತದೆ, ಕಂಬ ಎಣಿಸುವುದು ಬೇಜಾರು ಎಂದು ಬೈದುಕೊಂಡೇ ಬರೆದದ್ದು. ಬ್ಯಾಂಕಿನ ಗೆಳತಿಯಂತೂ ಎರಡು ಕಂಬ ಕಡಿಮೆ ಹಾಕಿದ್ದಳು. ಈಗ ಆ ಪುಟಗಳನ್ನು ಎಲ್ಲರೂ ಕೇಳಿ ನೋಡುತ್ತಾರೆ, ತಾರೀಕನ್ನು ಮೊದಲು ನೋಡುತ್ತಾರೆ. ಅವತ್ತಿನಿಂದ ಹೋಂವರ್ಕಿನ ಮಾತು ಬಂದಿಲ್ಲ.

ಸಾಮಾನಿನ ವಿಷಯಕ್ಕೆ ಬರೋಣ, ಜಾಸ್ತಿ ಜನ ಕೇಳುವುದು ಅದನ್ನೇ. ದುಬಾರಿ ಬಣ್ಣ ಬೇಡ. ಕಾಗದಕ್ಕೆ ಮಾತ್ರ ಕಂಜೂಸಿ ಮಾಡಬೇಡಿ. ತೆಳು ಕಾಗದ ಇಲ್ಲಿನ ಗಾಳಿಯ ತೇವಕ್ಕೇ ಮೆತ್ತಗಾಗುತ್ತದೆ, ನೀರು ಮುಟ್ಟಿದರೆ ಹಪ್ಪಳ. ಕಾಗದದ ತೂಕವನ್ನು ಜಿಎಸ್‌ಎಮ್ ಲೆಕ್ಕದಲ್ಲಿ ಹೇಳುತ್ತಾರೆ; 200 ಜಿಎಸ್‌ಎಮ್‌ಗಿಂತ ಕಡಿಮೆ ಬೇಡ, 300 ಸಿಕ್ಕರೆ ಒಳ್ಳೆಯದು. ಪೆನ್ನಿನ ಶಾಯಿ ನೀರಿಗೆ ಕರಗದಂಥದ್ದಿರಲಿ. ಸಾದಾ ಫೌಂಟೇನ್ ಶಾಯಿಯ ಮೇಲೆ ಬಣ್ಣ ಹಚ್ಚಿದರೆ ಎಲ್ಲಾ ನೀಲಿ ರಾಡಿ. ಇನ್ನೊಂದು, ಬೆಂಗಳೂರಿನಲ್ಲಿ ಎರಡು ನಿಮಿಷಕ್ಕೆ ಒಣಗುವ ಬಣ್ಣ ಇಲ್ಲಿ ಹತ್ತು ನಿಮಿಷವಾದರೂ ಹಸಿಯಾಗೇ ಇರುತ್ತದೆ. ಕಾಯುತ್ತಾ ಕೂರುವ ಬದಲು ಎರಡು ಬಣ್ಣಗಳ ನಡುವೆ ಕೂದಲೆಳೆಯಷ್ಟು ಬಿಳಿ ಬಿಟ್ಟು ಮುಂದೆ ಹೋಗುವುದು ನಮ್ಮ ರೂಢಿ. ನೋಡುವವರು ಅದನ್ನೇ ಬೆಳಕು ಅಂದುಕೊಂಡು ಹೊಗಳುತ್ತಾರೆ, ನಾವು ಸುಮ್ನಿರುತ್ತೇವೆ. ಮಳೆಗಾಲದಲ್ಲಿ ಬಣ್ಣದ ಡಬ್ಬಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿಯೇ ಮುಚ್ಚಿ.

ಹಂಚಿನ ಮಾಡಿನ ಬಗ್ಗೆ ಒಂದು ಮಾತು. ಒಂದೊಂದೇ ಹಂಚು ಬರೆಯಲು ಕೂತವರ ಚಿತ್ರ ಮುಗಿದದ್ದನ್ನು ನಾನು ಕಂಡಿಲ್ಲ. ಸೂರಿನ ಅಂಚಿನಲ್ಲಿ ಹಂಚುಗಳ ಬಾಯಿ ಸಾಲಾಗಿ ಕಾಣುತ್ತದಲ್ಲ, ಆ ಒಂದು ಸಾಲನ್ನು ಸರಿಯಾಗಿ ಬರೆಯಿರಿ. ಅದರ ಕೆಳಗೆ ಗಟ್ಟಿ ನೆರಳು ಕೊಡಿ. ಮಾಡಿನ ಮೇಲೆ ಅಲ್ಲಲ್ಲಿ ನಾಲ್ಕು ಹಂಚು, ಒಂದೆರಡು ಪಾಚಿಯ ಕಲೆ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಒಮ್ಮೆ ಎಲ್ಲರೂ ಸೇರಿ ಶಿರಸಿಗೆ ಹೋಗಿದ್ದೆವು, ದೇವಿಮನೆ ಘಟ್ಟ ಹತ್ತಿ. ಮಾರಿಕಾಂಬಾ ದೇವಸ್ಥಾನದ ಗೋಡೆಗಳ ಮೇಲಿನ ಕಾವಿ ಚಿತ್ರ ನೋಡುವುದಕ್ಕೆ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಕೆರೆದರೆ ಕೆಳಗಿನ ಬಿಳಿ ಕಾಣುತ್ತದೆ. ಎರಡೇ ಬಣ್ಣ, ಕೆಂಪು ಮತ್ತು ಬಿಳಿ. ಹಸಿ ಇರುವಷ್ಟು ಹೊತ್ತೇ ಕೆಲಸ, ತಿದ್ದುವ ಮಾತಿಲ್ಲ. ಅದನ್ನು ನೋಡಿದ ಮೇಲೆ ಅವತ್ತು ಎಲ್ಲರೂ ಒಂದೇ ಕೆಂಪುಗಂದು ಬಣ್ಣದಲ್ಲಿ ಬರೆಯಬೇಕು ಎಂದು ಮಾಸ್ತರ್ರು ಆಜ್ಞೆ ಮಾಡಿದರು. ಪೆನ್ಸಿಲ್ ಸಹ ಇಲ್ಲ, ನೇರ ಬ್ರಷ್. ಎಷ್ಟು ಗೊಣಗಿದೆವೋ! ಆದರೆ ಆ ದಿನದ ಚಿತ್ರಗಳಷ್ಟು ಒಟ್ಟಾಗಿ ಚಂದ ಕಂಡ ಚಿತ್ರಗಳು ಇನ್ನೂ ಆಗಿಲ್ಲ. ಎಲ್ಲಿ ಬಣ್ಣ ಹಾಕಬಾರದು ಅನ್ನುವುದನ್ನೇ ಎಲ್ಲರೂ ಯೋಚಿಸಿದ್ದರು. ಆಮೇಲೆ ನಾವು ಆಗಾಗ ಬೇಕೆಂತಲೇ ಒಂದೇ ಬಣ್ಣ ಹಿಡಿದು ಹೋಗುತ್ತೇವೆ.

ಎಲ್ಲಾ ಮುಗಿದ ಮೇಲೆ ಪುಸ್ತಕಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ನೋಡುವುದು ಬೆಂಗಳೂರಿನಿಂದ ತಂದ ಪದ್ಧತಿ. ಇದಕ್ಕೆ ನಾನು ಒಂದು ಷರತ್ತು ಸೇರಿಸಿದ್ದೇನೆ: 'ಚೆನ್ನಾಗಿದೆ' ಅನ್ನುವ ಹಾಗಿಲ್ಲ. ಚಿತ್ರದಲ್ಲಿ ಏನು ಕಂಡಿತು, ಅದನ್ನು ಹೇಳಬೇಕು. ಚೆನ್ನಾಗಿದೆ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. 'ಈ ಹಗ್ಗ ಎಲ್ಲಿಗೆ ಕಟ್ಟಿದ್ದು ಅಂತ ನಾನು ನೋಡಿಯೇ ಇರಲಿಲ್ಲ' ಅಂದರೆ ಇಬ್ಬರಿಗೂ ಏನೋ ಸಿಕ್ಕ ಹಾಗೆ. ಕಾಲೇಜು ಹುಡುಗಿಯರು ಮಾಸ್ತರ್ರ ಚಿತ್ರಕ್ಕೇ 'ಸರ್, ನಿಮ್ಮ ಆಟೋ ಗಾಳಿಯಲ್ಲಿ ನಿಂತಿದೆ' ಅನ್ನುವಷ್ಟು ಸಲಿಗೆ ಬೆಳೆದಿದೆ. ಅವರು ನಕ್ಕು ಚಕ್ರದ ಕೆಳಗೆ ನೆರಳು ಎಳೆದರು. ಆಮೇಲೆ ಚಾ, ಬನ್ಸು.

ಜೂನ್, ಜುಲೈ ನಮಗೆ ಕಿರಿಕಿರಿಯ ತಿಂಗಳು. ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿದಲ್ಲೇ ಇರುತ್ತವೆ. ಬರೆಯಲು ಇದಕ್ಕಿಂತ ಒಳ್ಳೇ ಸಮಯ ಇಲ್ಲ, ಆದರೆ ಮಳೆ ಕೂರಲು ಬಿಡುವುದಿಲ್ಲ. ಆಗ ಬಸ್ ಸ್ಟ್ಯಾಂಡೇ ಗತಿ. ತಲೆ ಮೇಲೆ ಮಾಡು, ಎದುರಿಗೆ ಕೊಡೆ ಮಡಚುವವರು, ಹತ್ತು ನಿಮಿಷಕ್ಕೊಮ್ಮೆ ಬಸ್ ಬಂದು ಎದುರಿನ ನೋಟ ಪೂರ್ತಿ ಮುಚ್ಚಿಬಿಡುತ್ತದೆ. ಹಾಗಾಗಿ ಅಲ್ಲಿ ಒಂದು ಪುಟಕ್ಕೆ ಹತ್ತು ನಿಮಿಷ ಎಂದು ನಾವೇ ಗಡುವು ಹಾಕಿಕೊಂಡಿದ್ದೇವೆ. ಅಂಕೋಲೆ ಬಸ್ ಬಂದರೆ ಪುಟ ತಿರುಗಿಸುವುದು. ಮುಗಿದಿದ್ದರೂ ಸರಿ, ಮುಗಿಯದಿದ್ದರೂ ಸರಿ.